ಕುಮಟಗಿಯಲ್ಲಿ ಕನ್ಯಾ ತೋರಿಸಿದ್ದು

"ಅತ್ಲಾಗ ನೋಡಬ್ಯಾಡಕ್ಕಾ, ಅವರಷ್ಟಕ್ಕ ಮಾತಾಡ್ಲಿ," ಎಂದು ಭೀಮಶ್ಯಾ ಎಷ್ಟು ಹೇಳಿದರೂ ಶಂಕ್ರೆವ್ವನ ಕಣ್ಣು ಅತ್ತಲೇ ಹೋಗುತ್ತಿತ್ತು. ಕುಮಟಗಿಯ ಬೇಸಿಗೆ ಅರಮನೆಯ ತೋಟದಲ್ಲಿ, ಬಾದಶಹರ ಕಾಲದ ಹೊಂಡದ ಕಟ್ಟೆಯ ಮೇಲೆ ಅವಳ ಸೊಸೆ ಜಯಮಾಲಾ ಕುಳಿತಿದ್ದಳು. ಒಂದು ಮಾರು ದೂರ ಬಿಟ್ಟು ಮುತ್ತುರಾಜ. ಬಸವನಬಾಗೇವಾಡಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವನು, ಹೆಂಡತಿಯನ್ನು ಕಳೆದುಕೊಂಡವನು.

ಮನೆಯಲ್ಲಿ ಕನ್ಯಾ ತೋರಿಸಿದರೆ ಸಿಂದಗಿಯ ಓಣಿಯೆಲ್ಲ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಅದರಲ್ಲೂ ಅತ್ತೆಯೇ ಮುಂದೆ ನಿಂತು ಸೊಸೆಗೆ ಗಂಡು ನೋಡುವುದೆಂದರೆ ಕೇಳಬೇಕೆ! ಅದಕ್ಕೇ ಓಣಿಯ ಭೀಮಶ್ಯಾ ನಡುದಾರಿಯ ಈ ಜಾಗ ಗೊತ್ತುಮಾಡಿದ್ದ. ಮಗ ಸಿದ್ದಲಿಂಗ ತೀರಿಕೊಂಡು ಮೂರು ವರ್ಷ. "ನೀವು ಹೂಂ ಅಂದ್ರ ಹೂಂ, ಒಲ್ಲೆ ಅಂದ್ರ ಒಲ್ಲೆ" ಎಂದು ಜಯಮಾಲಾ ಭಾರವನ್ನೆಲ್ಲ ಅತ್ತೆಯ ತಲೆಗೇ ಕಟ್ಟಿದ್ದಳು. ಶಂಕ್ರೆವ್ವನಿಗೋ ಒಳಗೊಳಗೇ ಒಲ್ಲೆ ಅನ್ನುವ ಮನಸ್ಸು. ಗಂಡ ಗುರುಲಿಂಗಪ್ಪ ಮಗನ ಹೆಸರು ಬಂದರೆ ಸಾಕು, ಎದ್ದು ಹೊಲಕ್ಕೆ ಹೋಗುವ ಮನುಷ್ಯ. ಸೊಸೆಯೂ ಹೋದರೆ ಆ ಹೆಸರು ಎತ್ತಿ ಮಾತಾಡಲು ಮನೆಯಲ್ಲಿ ಯಾರಿದ್ದಾರೆ?

ಅಷ್ಟರಲ್ಲಿ ಜಯಮಾಲಾ ನಕ್ಕಳು. ಬಾಯಿಗೆ ಸೆರಗು ಒತ್ತಿಕೊಂಡು, ಮೈಯೆಲ್ಲ ಅಲುಗುವ ಹಾಗೆ ನಕ್ಕಳು. ಶಂಕ್ರೆವ್ವ ದಡದಡ ನಡೆದು ಅವರೆದುರು ಹೋಗಿ ನಿಂತಳು. ಮುತ್ತುರಾಜ ಗಡಬಡಿಸಿ ಎದ್ದು ಗಿಡಗಳ ಕಡೆಗೆ ಸರಿದ.

"ಅದೇನಂಥಾ ನಗು ಬಂತವಾ?"

"ನಿಮ್ಮ ಮಗಾ ಹೆಂಗಿದ್ರು ಅಂತ ಕೇಳಿದ್ರು ಅತ್ತಿ. ಲಗ್ನಾದ ಹೊಸದಾಗಿ ನಾವು ಇಲ್ಲಿ ಬಂದಿದ್ವಿ. ಸೆಲ್ಫಿ ತಗೊಳ್ಳಾಕ ಹೋಗಿ ಇದ ಹೊಂಡದಾಗ ಬಿದ್ರು. ಮೈತುಂಬ ಕೆಸರು ಮಾಡ್ಕೊಂಡು, ಬಾದಶಾನ ಜಳಕಾ ಆತು ನೋಡು, ಅಂದ್ರು. ಅದನ್ನ ಹೇಳಾಕತ್ತಿದ್ದೆ."

ಮಗನ ಈ ಸುದ್ದಿ ಶಂಕ್ರೆವ್ವನಿಗೆ ಗೊತ್ತೇ ಇರಲಿಲ್ಲ. "ನನ್ನ ಮುಂದ ಒಂದ್ಸಲನೂ ಹೇಳಲಿಲ್ಲಲ್ಲಾ?"

ಜಯಮಾಲಾ ತಲೆ ತಗ್ಗಿಸಿದಳು. "ಹೇಳಿದ್ರ ನಗು ಬರತೈತ್ರಿ. ನಿಮ್ಮ ಮುಂದ ನಗಾಕ ಅಂಜಿಕಿ ಬರ್ತಿತ್ತು."

ಶಂಕ್ರೆವ್ವ ಈ ಹುಡುಗಿಯನ್ನು ಹೆತ್ತ ಮಗಳ ಹಾಗೆ ನೋಡಿಕೊಂಡೆ ಅಂದುಕೊಂಡಿದ್ದಳಲ್ಲ! ನಾಚಿಕೆ, ಸಂಕಟ ಎರಡೂ ಒಟ್ಟಿಗೇ ನುಗ್ಗಿ ಬಂದವು. ಹಿಂದಕ್ಕೆ ತಿರುಗಿ ಗಟ್ಟಿಯಾಗಿ ಕೂಗಿದಳು.

"ಏ ಭೀಮಶ್ಯಾ, ಗಂಡಿನ ಮನಿಗೆ ಫೋನ್ ಹಚ್ಚು. ನಾ ಹೂಂ ಅಂದೇನಿ ಅಂತ ಹೇಳು."

ಮುತ್ತುರಾಜ ಗಿಡದ ಬುಡದಲ್ಲಿ ನಿಂತೇ ಇದ್ದ. "ಅಲ್ಲ್ಯಾಕ ನಿಂತ್ರಿ ತಮ್ಮಾ? ಬರ್ರಿ," ಎಂದಳು ಶಂಕ್ರೆವ್ವ. ಸೊಸೆಯ ಕೈ ಹಿಡಿದು ಕಟ್ಟೆಯ ಅಂಚಿಗೆ ಬಂದಳು. "ಎಲ್ಲಿ ಬಿದ್ದಿದ್ದ, ತೋರಸವಾ."

ಹೊಂಡದಲ್ಲಿ ನೀರಿರಲಿಲ್ಲ. ಜಯಮಾಲಾ ಬೆರಳು ಮಾಡಿದ ಮೂಲೆಯಲ್ಲಿ ಒಂದಿಷ್ಟು ಹುಲ್ಲು ಬೆಳೆದಿತ್ತು. ಮೂವರೂ ಬಗ್ಗಿ ಅದನ್ನೇ ನೋಡುತ್ತ ನಿಂತರು.