ಗೇಟಿನ ಬಣ್ಣ ಬಳಿದ ಕೊಳವೆ

ಮತ್ತೆ ಅದೇ ವಾಸನೆ, ಬನ್ನಿನದ್ದಲ್ಲ, ಬನ್ನಿನ ವಾಸನೆ ಆಯಿಶಮ್ಮನಿಗೆ ಮದುವೆಯಾಗಿ ದರ್ಬೆಯ ಈ ಬೇಕರಿಗೆ ಬಂದಂದಿನಿಂದ ಗೊತ್ತು, ಇದು ಡೀಸೆಲ್ಲಿನದ್ದು, ಹಸಿ ಡೀಸೆಲ್ಲಿನದ್ದು, ಹಾಗಾದರೆ ಓವನ್ನಿನ ಕೊಳವೆ ಬಿರುಕು ಬಿಟ್ಟಿತೇ — ಇಲ್ಲ, ರಸ್ತೆಯಲ್ಲಿ ಸುಳ್ಯದ ಬಸ್ಸು ನಿಂತಿರಬಹುದು, ಬಸ್ಸೇ ಆಗಿರಲಿ ಅಲ್ಲಾಹನೇ — ಬಸ್ಸು ಹೋಯಿತು, ವಾಸನೆ ಹೋಗಲಿಲ್ಲ, ಓವನ್ನಿನ ಬಾಗಿಲ ಗಾಜಿನಾಚೆ, ಬನ್ನಿನ ತಟ್ಟೆಗಳ ಕೆಳಗೆ, ಬೆಂಕಿಯ ಕೊಳವೆಯ ಮೇಲೆ ಅಂಗೈಯಗಲದ ಆ ಕೆಂಪು ಮಚ್ಚೆ, ನಿನ್ನೆ ಅಡಿಕೆಯಷ್ಟಿತ್ತು. ಡೀಸೆಲ್ಲಿನ ಬೆಂಕಿ ಉರಿಯುವುದು ಕೊಳವೆಯ ಒಳಗೆ, ಬನ್ನು ಬೇಯುವುದು ಹೊರಗೆ, ನಡುವೆ ಬೆರಳ ದಪ್ಪವೂ ಇಲ್ಲದ ಉಕ್ಕು, ಆ ಉಕ್ಕಿಗೊಂದು ಲೇಪ ಬೇಕೆಂದು ಮಗ ಶಾಫಿ ಫೋನಿನಲ್ಲಿ ಎಷ್ಟು ಸಲ ಹೇಳಿದ, ಗಲ್ಫಿನಲ್ಲಿ ಅವನ ಕೆಲಸವೇ ಅದು, ಉಮ್ಮಾ, ಅಲ್ಯೂಮಿನಿಯಂ ಲೇಪ ಹಾಕಿಸ್ಬೇಕು, ಇಲ್ಲದಿದ್ರೆ ಉಕ್ಕು ಹಪ್ಪಳದ ಹಾಗೆ ಎದ್ದು ಬರ್ತದೆ, ಅವಳಿಗೂ ಗೊತ್ತಿತ್ತು, ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವಳು, ಕಾದ ಲೋಹ ಆಮ್ಲಜನಕಕ್ಕೆ ಹಾತೊರೆಯುತ್ತದೆ, ಅಲ್ಯೂಮಿನಿಯಂ ಮಾತ್ರ ತೆಳ್ಳನೆಯ ಪೊರೆ ಕಟ್ಟಿಕೊಂಡು ಬಾಗಿಲು ಹಾಕಿಬಿಡುತ್ತದೆ — ಗಂಡ ಸಾಹುಲ್ ಹಮೀದ್ ನಕ್ಕರು, ಗೇಟಿಗೆ ತಂದ ಬೆಳ್ಳಿ ಬಣ್ಣದ ಡಬ್ಬಿ ಓದಿ ತೋರಿಸಿದರು, ನೋಡು, ಇದ್ರಲ್ಲೂ ಅಲ್ಯೂಮಿನಿಯಮ್ಮೇ ಉಂಟು, ನಿನ್ನ ಮಗ ಗಲ್ಫಿಗೆ ಹೋಗಿ ಕಲಿತದ್ದು ನಮ್ಮ ಗೇಟಿನಲ್ಲೇ ಉಂಟು ಮಾರಾಯ್ತಿ, ಎರಡು ಕೋಟು ಬಳಿದರು, ಕೊಳವೆ ಮಿರಿಮಿರಿ ಮಿಂಚಿತು, ಬಣ್ಣದ ಅಂಟು ಸುಟ್ಟರೆ ಉಳಿಯುವುದು ಬರೀ ಪುಡಿ ಎಂದಳು, ಕಾಲೇಜು ಬಿಟ್ಟು ಎಷ್ಟು ವರ್ಷ ಆಯ್ತು, ನಿನ್ನ ಪರೀಕ್ಷೆ ಇನ್ನೂ ಮುಗೀಲಿಲ್ವಾ ಎಂದರು, ಅವಳೂ ನಕ್ಕಳು, ಆಗ ನಗು ಬಂದಿತ್ತು. ಉಮ್ಮಾ, ಫ್ಯಾನಿನ ಅಡಿಯಲ್ಲಿ ಕೂತ್ಕೊಳ್ಳಿ, ಎಂತ ಇಷ್ಟು ಬೆವರುದು — ಡೊಂಬಯ್ಯ, ಓವನ್ನಿನ ಕೆಲಸದವನು, ಸ್ಟೂಲು ಸರಿಸಿ ಕೊಡುತ್ತಾನೆ, ಅವಳ ಹಲ್ಲು ಬಿದ್ದ ಮೇಲೆ ದಿನವೂ ಒಂದು ಬನ್ನಿನ ಗಟ್ಟಿ ಸಿಪ್ಪೆ ಸುಲಿದು ಚಹಾದ ಲೋಟದ ಪಕ್ಕ ಮುಚ್ಚಿಡುವವನು, ಬಾಗಿಲು ತೆರೆಯುವವನೂ ಅವನೇ, ಒದ್ದೆ ಗೋಣಿ ಕೈಗೆ ಸುತ್ತಿ, ಮುಖ ಮುಂದೆ ಮಾಡಿ, ತೆರೆದರೆ ಗಾಳಿ ನುಗ್ಗುತ್ತದೆ, ಡೀಸೆಲ್ಲಿನ ಆವಿಗೆ ಗಾಳಿ ಸಿಕ್ಕಿದರೆ ಭಗ್ಗೆನ್ನುತ್ತದೆ, ಎದುರಿಗೆ ಅವನ ಮುಖ, ಅವನ ಹುಬ್ಬು, ಕಣ್ಣು — ಸವಣೂರಿನ ಮದುವೆಗೆ ಒಪ್ಪಿಕೊಂಡ ಬನ್ನು ಹಾಳಾಗಲಿ, ಇವರು ಸಿಟ್ಟಾಗಲಿ, ಗೋಡೆಯಲ್ಲಿ ಓವನ್ನಿನ ಬೆಂಕಿಯ ಸ್ವಿಚ್ಚು ಬೆರಳಿನಡಿ ತಣ್ಣಗಿದೆ, ಒತ್ತಿದಳು, ಬೆಂಕಿ ಊದುವ ಸದ್ದು ನಿಂತಿತು, ಎಂತ ಮಾಡಿದ್ದು ನೀನು, ಹಮೀದರ ದನಿ, ಡೊಂಬಯ್ಯ, ಬೇಗ ಹೊರಗೆ ತೆಗಿ, ಬನ್ನು ಕುಸೀತದೆ, ಡೊಂಬಯ್ಯನ ಕೈ ಬಾಗಿಲ ಹಿಡಿಕೆಯ ಮೇಲೆ, ಬೇಡ ಡೊಂಬಯ್ಯ, ಮುಟ್ಬೇಡ, ತನ್ನ ದನಿ ಇಷ್ಟು ಗಟ್ಟಿಯೇ, ಅವನು ಯಜಮಾನರನ್ನು ನೋಡಿದ, ಅವಳನ್ನು ನೋಡಿದ, ಕೈ ಹಿಂದಕ್ಕೆ ತೆಗೆದ — ಮಚ್ಚೆಯ ಅಂಚು ಕಪ್ಪಾಗುತ್ತ ಬರುತ್ತಿದೆ, ನಡುವೂ ಕಪ್ಪಾಗಬೇಕು, ಒಳಗೆ ಬೆಂಕಿ ಆರಿದೆ, ಆಗಲೇಬೇಕು, ಗಾಜಿನಾಚೆ ಕೆಂಪು, ಆರದ ಕೆಂಪು, ಬಿರುಕಿನಿಂದ ಕೊಳವೆಯ ಹೊರಗೆ, ತಟ್ಟೆಗಳ ಕಡೆಗೆ ನಾಲಿಗೆ ಚಾಚುವ ಕೆಂಪು