ಒಂಬತ್ತು ಗಂಟೆಯ ಹೊಗೆ

ಮುಂತಹಾ ಎಂದರೆ ಕೊನೆಯದು ಎಂದರ್ಥ. ನಾಲ್ಕು ಹೆಣ್ಣಾದ ಮೇಲೆ ಐದನೆಯದೂ ಹೆಣ್ಣೇ ಆದಾಗ, ಸಾಕವ್ವ ಎಂದು ಹೆಸರಿಡುವ ಹಾಗೆ, ಅಪ್ಪ ದೇವರಿಗೆ ಸಲ್ಲಿಸಿದ ಅರ್ಜಿ ಅದು. ದೇವರು ಅರ್ಜಿ ಓದಿ ಮರುವರ್ಷವೇ ಬುತ್ರುಸ್‌ನನ್ನು ಕಳಿಸಿದ. ಈಗ ಐವತ್ತೆರಡು ತುಂಬಿದ ಮುಂತಹಾ, ಜೂನಿಯೆಯಲ್ಲಿ, ಕಡಲಿಗೆ ಎರಡು ಬೀದಿ ಹಿಂದೆ, ಅದೇ ಬುತ್ರುಸ್‌ನ ಮನೆಯ ಪಡಸಾಲೆಯ ಸೋಫಾದ ಮೇಲೆ ಮಲಗುತ್ತಿದ್ದಳು.

ಹಗಲೆಲ್ಲ ಆ ಸೋಫಾ ಊರಿನದು. ಅದು ಅವಳದಾಗಬೇಕಾದರೆ ಮೊದಲು ನೆಂಟರು ಏಳಬೇಕು, ಎದ್ದ ನೆಂಟರು ಬಾಗಿಲಲ್ಲಿ ನಿಂತು ಆಡುವ ಅರ್ಧ ಗಂಟೆಯ ಮಾತು ಮುಗಿಯಬೇಕು, ತಮ್ಮ ಟೀವಿ ಆರಿಸಬೇಕು. ಅಲ್ಲಿಯವರೆಗೆ ಅವಳು ಕುರ್ಚಿಯ ತುದಿಯಲ್ಲಿ ಕುಳಿತು, ರೆಪ್ಪೆ ಬೀಳುತ್ತಿದ್ದರೂ ನಗುಮುಖ ಬೀಳದಂತೆ ನೋಡಿಕೊಳ್ಳುತ್ತಿದ್ದಳು. ಇಪ್ಪತ್ತಾರು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸಾಗಿ, ಲೋಕಕ್ಕೆ ಬರುವವರಿಗೆಲ್ಲ ಬಾಗಿಲು ತೆಗೆದವಳಿಗೆ, ಒಳಗಿನಿಂದ ಹಾಕಿಕೊಳ್ಳಲು ತನ್ನದೆನ್ನುವ ಒಂದು ಬಾಗಿಲಿರಲಿಲ್ಲ.

ಆ ವರ್ಷ ಆಸ್ಪತ್ರೆಯವರು ಹೆರಿಗೆ ವಾರ್ಡನ್ನೇ ಮುಚ್ಚಿದರು. ಬೇರೆ ಕೆಲಸ ಹುಡುಕುವಾಗ ಒಂದು ಪ್ರಕಟಣೆ ಕಣ್ಣಿಗೆ ಬಿತ್ತು: ಐನ್ ಜೋಜ್ ಎಂಬ ಬೆಟ್ಟದೂರಿನ ದವಾಖಾನೆಗೆ, ವರ್ಷವಿಡೀ ಅಲ್ಲೇ ಉಳಿಯುವ ನರ್ಸ್ ಬೇಕಾಗಿದ್ದಾರೆ. ಕೊನೆಯ ಸಾಲಿನಲ್ಲಿ, 'ವಾಸಕ್ಕೆ ಮೇಲ್ಮಹಡಿಯಲ್ಲಿ ಕೋಣೆ, ಒಲೆ, ಬೀಗದ ಕೈ ಕೊಡಲಾಗುವುದು' ಎಂದಿತ್ತು. ಸಂಬಳದ ಸಾಲನ್ನು ಅವಳು ಆಮೇಲೆ ಓದಿದಳು.

"ಆ ಹಿಮದಲ್ಲಿ ಒಬ್ಬಳೇ ಸತ್ತು ಬಿದ್ದಿದ್ರೆ ಯಾರಿಗೆ ಗೊತ್ತಾಗುತ್ತೆ?" ಎಂದಳು ಬುತ್ರುಸ್‌ನ ಹೆಂಡತಿ ಜಾರ್ಜೆಟ್.

"ಇಲ್ಲಿ ಸತ್ರೆ ಗೊತ್ತಾಗುತ್ತಾ?"

"ಗೊತ್ತಾಗದೆ ಏನು? ಸೋಫಾ ಮೇಲೆ ಕೂತ್ಕೋಬೇಕಲ್ಲ ನಾವು."

ಬೆಟ್ಟದ ಊರುಗಳ ಹಣೆಬರಹ ಮುಂತಹಾಗೆ ತಿಳಿಯದ್ದಲ್ಲ. ಅಕ್ಟೋಬರಿನಲ್ಲಿ ಕದ ಹಾಕಿ ಕಡಲ ಕಡೆ ಇಳಿಯುವ ಜನ ಮತ್ತೆ ಹತ್ತುವುದು ಜೂನ್‌ನಲ್ಲಿ. ಊರಿನ ಮುಖಂಡ, ರಯೀಸ್ ಖೈಸರ್, ಫೋನಿನಲ್ಲಿ ಸಿತ್, ಅಂದರೆ ಅಮ್ಮಾವ್ರೇ, ಎಂದು ಕರೆದು ಆಣೆ ಇಟ್ಟು ಹೇಳಿದ್ದ: "ಇಳಿದು ಓಡೋರು ಪಕ್ಕದ ಕ್ಫರ್ ದೀಬ್‌ನವರು ಸಿತ್ ಮುಂತಹಾ. ನಾವು ಹಿಮದ ಜೊತೆ ಹುಟ್ಟಿದವರು. ಬಂದು ಕಣ್ಣಾರೆ ನೋಡಿ, ಆಮೇಲೆ ಸಹಿ ಹಾಕಿ."

ಫೆಬ್ರವರಿಯ ಒಂದು ಶನಿವಾರ ಅವಳು ಬಾಡಿಗೆ ಕಾರಿನಲ್ಲಿ ಹೊರಟಳು. ನೋಡಿಕೊಂಡು ಸಂಜೆಗೆ ಬರುತ್ತೇನೆ ಎಂದು ಹೇಳಿದ್ದರೂ ಕೈಚೀಲದ ತಳದಲ್ಲಿ ರಾತ್ರಿಯ ನಿಲುವಂಗಿಯೊಂದನ್ನು ಮಡಿಸಿಟ್ಟುಕೊಂಡಿದ್ದಳು. ಯಾಕೆ ಎಂದು ಕೇಳಿಕೊಂಡಿರಲಿಲ್ಲ.

ಹಿಮ ಶುರುವಾಗುವ ತಿರುವಿನಲ್ಲಿ ಡ್ರೈವರ್ ಗಾಲಿಗಳಿಗೆ ಸರಪಳಿ ಕಟ್ಟಿದ. ಅಲ್ಲಿಂದ ಒಂದು ಗಂಟೆ ಗಲಗಲ ಸದ್ದು. ಕೊನೆಯ ತಿರುವು ದಾಟಿದಾಗ ಊರು ಕಂಡಿತು, ಅವಳು ನೆನೆದುಕೊಂಡು ಬಂದ ಖಾಲಿ ಊರಲ್ಲ. ಐವತ್ತು ಅರವತ್ತು ಹೊಗೆಗೂಡುಗಳಿಂದ ಹೊಗೆ ಏಳುತ್ತಿತ್ತು. ಕಾಫಿ ಅಂಗಡಿಯಲ್ಲಿ ಗಂಡಸರು ಕೋಟು ಹಾಕಿಕೊಂಡೇ ಪಗಡೆ ಉರುಳಿಸುತ್ತಿದ್ದರು. ಇಗರ್ಜಿಯ ಮುಂದೆ ಹೆಂಗಸರ ಗುಂಪು, ಗುಂಪಿನಿಂದ ಗುಂಪಿಗೆ ಕೂಗಾಟ. ಜೂನಿಯೆಯನ್ನೇ ಯಾರೋ ಬುಡಸಮೇತ ಕಿತ್ತು ತಂದು ಹಿಮದಲ್ಲಿ ನೆಟ್ಟ ಹಾಗಿತ್ತು.

ಚರ್ಮದ ಟೋಪಿ ಹಾಕಿದ್ದ ರಯೀಸ್ ಖೈಸರ್ ಕೈ ಚಾಚಿಕೊಂಡು ಬಂದ. "ನೋಡಿ ಸಿತ್ ಮುಂತಹಾ, ಊರು ಹೇಗೆ ತುಂಬಿ ತುಳುಕ್ತಿದೆ. ಕ್ಫರ್ ದೀಬ್ ಕಡೆ ನೋಡಿ. ಒಂದು ಎಳೆ ಹೊಗೆ ಕಾಣುತ್ತಾ?"

ಕಾಣಲಿಲ್ಲ. ಆದರೆ ರಯೀಸನ ಸಂಕಟವೂ ಆ ಊರೇ. ಚಳಿಗಾಲದಲ್ಲೂ ನರ್ಸ್ ಉಳಿಯುವ ಊರಿಗೆ ಮಾತ್ರ ದವಾಖಾನೆ ಎಂದು ಅದನ್ನು ನಡೆಸುವ ಸಂಘದವರು ಹೇಳಿದ್ದರು. ಮೊದಲು ನೋಡಲು ಬಂದ ಮೂವರು ನರ್ಸುಗಳು ಖಾಲಿ ಬೀದಿ ಕಂಡು ಬಂದ ಕಾರಿನಲ್ಲೇ ವಾಪಸಾಗಿದ್ದರು. ನಾಲ್ಕನೆಯವಳೂ ಹೋದರೆ ದವಾಖಾನೆ ಕ್ಫರ್ ದೀಬ್‌ಗೆ ಹೋಗುತ್ತದೆ. ದವಾಖಾನೆ ಹೋದರೆ ಬದುಕಬಹುದು; ಅದು ಕ್ಫರ್ ದೀಬ್‌ಗೆ ಹೋದರೆ ಹೇಗೆ ಬದುಕುವುದು?

ಮೊದಲು ಕೋಣೆ ತೋರಿಸಿದ. ಕಣಿವೆಗೆ ತೆರೆಯುವ ಕಿಟಕಿ, ಕಬ್ಬಿಣದ ಸೌದೆ ಒಲೆ, ಅಕ್ರೋಟ್ ಮರದ ದಪ್ಪ ಬಾಗಿಲು, ಗೇಣುದ್ದದ ಬೀಗದ ಕೈ. ಮುಂತಹಾ ಕೀಲಿಯನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದಳು. ಆಮೇಲೆ ಅವಳ ಕಣ್ಣು ಗೋಡೆಯ ಕಡೆ ಹೋಯಿತು.

"ಎರಡು ಮಂಚ ಇದೆಯಲ್ಲ?"

"ಒಂಟಿ ಹೆಂಗಸನ್ನ ಒಬ್ಬಳೇ ಮಲಗಿಸ್ತೀವಾ ನಾವು? ನನ್ನ ನಾದಿನಿ ರಶೀದೆ ದಿನಾ ರಾತ್ರಿ ಜೊತೆಗೆ ಬರ್ತಾಳೆ. ಒಳ್ಳೇ ಹೆಂಗಸು. ಗೊರಕೆ ಸ್ವಲ್ಪ ಇದೆ, ಎರಡು ದಿನದಲ್ಲಿ ಅಭ್ಯಾಸ ಆಗುತ್ತೆ."

ಮುಂತಹಾ ಕೀಲಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

ಆಮೇಲೆ ಶುರುವಾಯಿತು ಮನೆಮನೆಯ ಮೆರವಣಿಗೆ. ಪ್ರತಿ ಮನೆಯಲ್ಲೂ ಕಾಫಿ, ಪ್ರತಿ ಕಾಫಿಗೂ ಒಂದೇ ಪ್ರಶ್ನೆ.

"ಮದುವೆ ಯಾಕಾಗ್ಲಿಲ್ಲ ಕಣ್ಣೇ?" ಎಂದಳು ಮೊದಲ ಮನೆಯ ಓದೆತ್.

"ಪುರುಸೊತ್ತಾಗ್ಲಿಲ್ಲ."

"ಈಗಲೂ ಏನಾಗಿದೆ? ನನ್ನ ಮೈದುನನ ಹೆಂಡತಿ ತೀರಿಕೊಂಡು ಎರಡು ವರ್ಷ. ಹಲ್ಲೆಲ್ಲ ಸ್ವಂತದ್ದೇ. ಮುಂದಿನೆರಡು ಬಿಟ್ಟು."

ಎರಡನೆಯ ಮನೆಯಲ್ಲಿ ಚಿಕ್ಕಪ್ಪ, ಮೂರನೆಯದರಲ್ಲಿ ಪಾದ್ರಿಯ ಭಾವಮೈದುನ. ಕೆಲಸಕ್ಕೆ ಬಂದವಳನ್ನು ಊರು ಹೆಣ್ಣು ನೋಡಿ ಮುಗಿಸುತ್ತಿತ್ತು. ರೋಗಿಯ ಕೋಣೆಗೆ ಕಾಲಿಟ್ಟೊಡನೆ ನಾಲ್ಕು ಮೂಲೆ ನೋಡುವುದು ನರ್ಸಿನ ಕಣ್ಣಿಗೆ ಅಭ್ಯಾಸ. ಓದೆತ್‌ಳ ಗೋಡೆಯ ದಿನದರ್ಶಿಯ ಹಾಳೆ ಅಕ್ಟೋಬರ್ ಹನ್ನೆರಡಕ್ಕೆ ನಿಂತಿತ್ತು. ಎರಡನೆಯ ಮನೆಯಲ್ಲಿ ಅಕ್ಟೋಬರ್ ಹತ್ತೊಂಬತ್ತು, ಅಲ್ಲಿನ ಬಟ್ಟಲುಗಳನ್ನು ಆಗ ತಾನೇ ಹಳೇ ಪತ್ರಿಕೆಯಿಂದ ಬಿಚ್ಚುತ್ತಿದ್ದರು. ಒಲೆಗಳು ಬೆಚ್ಚಗೆ ಮಾಡುವುದಕ್ಕಿಂತ ಹೆಚ್ಚಾಗಿ ಸುಟ್ಟ ಧೂಳಿನ ವಾಸನೆ ಬೀರುತ್ತಿದ್ದವು. ಮೂರನೆಯ ಮನೆಯಲ್ಲಿ ತಟ್ಟೆಗೆ ಸುರಿದ ಬಿಸ್ಕತ್ತಿನ ಡಬ್ಬದ ಮೇಲಿದ್ದದ್ದು ಬುತ್ರುಸ್‌ನ ಮನೆಯ ಕೆಳಗಿನ ಬೇಕರಿಯ ಹೆಸರು. ಹೆಂಗಸರೆಲ್ಲರ ಕಾಲಲ್ಲಿ ಮದುವೆಗೆ ಹಾಕುವಂಥ ತೆಳುಅಡಿಯ ಚಪ್ಪಲಿ, ಬೂಟು.

ಇದೆಲ್ಲ ಕಣ್ಣಿಗೆ ಬಿದ್ದರೂ ತಲೆಗೆ ಹತ್ತಲಿಲ್ಲ. ಅವಳ ತಲೆಯಲ್ಲಿ ಆಗಲೇ ಉತ್ತರ ಸಿದ್ಧವಾಗುತ್ತಿತ್ತು. ಬೆಟ್ಟ ಹತ್ತಿ ಬಂದು ಮತ್ತದೇ ಸೋಫಾ. ಇಲ್ಲಿ ಗೊರಕೆ ಬೇರೆ. ಆಗುವುದಿಲ್ಲ ಎಂದು ಮರ್ಯಾದೆಯಿಂದ ಹೇಳಿ ಇಳಿದುಬಿಡುವುದು. ಹೀಗೆ ತೀರ್ಮಾನಿಸಿದಾಗ ಕಣ್ಣಲ್ಲಿ ನೀರಾಡಿತು, ಅವಳು ಅದನ್ನು ಒಲೆಯ ಹೊಗೆಯ ಲೆಕ್ಕಕ್ಕೆ ಹಾಕಿದಳು.

ಗಾಳಿಗೆ ನಿಲ್ಲುತ್ತೇನೆ ಎಂದು ಹೊರಬಂದಾಗ ಅವಳ ಜೊತೆ ಯಾರೂ ಇಲ್ಲದ ಐದು ನಿಮಿಷ ಸಿಕ್ಕಿತು. ಆಗ ನೆಲ ನೋಡಿದಳು. ಮನೆಮನೆಯ ದಾರಿಯನ್ನೂ ಅಂದು ಬೆಳಿಗ್ಗೆಯೇ ಹೊಸದಾಗಿ ಕಡಿದಿದ್ದರು, ಸೊಂಟದೆತ್ತರದ ಬಿಳಿ ಹಿಮ ಕೇಕು ಕತ್ತರಿಸಿದಂತಿತ್ತು. ಆ ಬೀದಿಯಲ್ಲಿ ಒಂದು ಮನೆಯ ದಾರಿ ಮಾತ್ರ ಹಳೆಯದು, ತಿಂಗಳುಗಳ ಬೂದಿ ಸುರಿದು ಕಪ್ಪಾಗಿ ಗಟ್ಟಿಯಾದದ್ದು. ಆ ದಾರಿಯ ಕೊನೆಯ ಹೊಸ್ತಿಲಲ್ಲಿ ಕೋಲು ಹಿಡಿದು, ಕಪ್ಪು ಉಡುಪಿನ ಮೇಲೆ ಕಪ್ಪು ಶಾಲು ಹೊದ್ದ ಮುದುಕಿಯೊಬ್ಬಳು ನಿಂತಿದ್ದಳು.

"ಮಗಳೇ, ಸತ್ತಿದ್ದು ಯಾರು?" ಎಂದು ಕೂಗಿದಳು ಮುದುಕಿ.

"ಯಾರೂ ಸತ್ತಿಲ್ವಲ್ಲ ಅಜ್ಜಿ."

"ಹಾಗಾದ್ರೆ ಇಷ್ಟು ಜನ ಯಾಕೆ ಬಂದಿದ್ದಾರೆ? ಫೆಬ್ರವರೀಲಿ ಇವರು ಹತ್ತಿ ಬರೋದು ಮಣ್ಣಿಗೆ ಮಾತ್ರ. ಬೆಳಿಗ್ಗೆ ಬಸ್ಸು ನೋಡಿದಾಗಿಂದ ಕಪ್ಪು ಹಾಕ್ಕೊಂಡು ಕೂತಿದ್ದೀನಿ. ಒಬ್ಬನಾದ್ರೂ ಬಂದು ಹೆಸರು ಹೇಳಬಾರದಾ? ಯಾರಿಗೆ ಅಂತ ಅಳ್ಲಿ?"

"ಬಸ್ಸಾ?"

"ಎರಡು ಬಸ್ಸು. ಇಗರ್ಜಿ ಹಿಂದೆ ನಿಲ್ಲಿಸಿದ್ದಾರೆ ನೋಡು. ನಾಲ್ಕಕ್ಕೆ ರಸ್ತೆ ಗಡ್ಡೆ ಕಟ್ಟುತ್ತೆ, ಅಷ್ಟರೊಳಗೆ ಇಳಿದು ಹೋಗ್ತಾವೆ."

ಮೂರು ಮನೆಯ ಕಾಫಿಯೂ ಮಾಡದ ಕೆಲಸವನ್ನು ಈ ಮಾತು ಮಾಡಿತು. ಮುಂತಹಾಳ ಮೈಯೆಲ್ಲ ಎಚ್ಚರಾಯಿತು. ಅಕ್ಟೋಬರ್ ಹನ್ನೆರಡು, ಹತ್ತೊಂಬತ್ತು, ಬೇಕರಿಯ ಡಬ್ಬ, ಬೂಟುಗಳು ಒಂದೊಂದಾಗಿ ತಮ್ಮ ಜಾಗಕ್ಕೆ ಹೋಗಿ ಕುಳಿತವು.

ಮುದುಕಿಯ ಹೆಸರು ಉಮ್ಮ್ ಸರ್ಕೀಸ್. ಮುಂತಹಾ ದಾರಿಯುದ್ದ ನಡೆದು ಅವಳ ಹತ್ತಿರ ಹೋದಳು. "ಅವರು ಹೋದ್ಮೇಲೆ ಇಲ್ಲಿ ಎಷ್ಟು ಜನ ಉಳೀತೀರಿ?"

"ಹನ್ನೊಂದು. ಕ್ರಿಸ್ಮಸ್‌ಗೆ ಹನ್ನೆರಡಿದ್ವಿ."

"ಬೇಜಾರಾಗಲ್ವಾ?"

"ಆಗುತ್ತೆ. ಜೂನ್‌ನಲ್ಲಿ. ಇವರೆಲ್ಲ ಹತ್ತಿ ಬರ್ತಾರಲ್ಲ, ಆಗ."

"ಒಬ್ಬರನ್ನೊಬ್ಬರು ನೋಡ್ಕೊಳ್ಳೋದು ಹೇಗೆ?"

"ಹೊಗೆ ನೋಡ್ಕೋತೀವಿ. ಬೆಳಿಗ್ಗೆ ಒಂಬತ್ತರೊಳಗೆ ಹೊಗೆ ಎದ್ದರೆ ಆಸಾಮಿ ಬದುಕಿದೆ. ಏಳಲಿಲ್ಲ ಅಂದ್ರೆ ಕೋಲು ತಗೊಂಡು ಹೋಗಿ ಬಾಗಿಲು ಬಡಿಯೋದು. ಹೊಗೆ ಕಾಣ್ತಾ ಇರೋವಾಗ ಸುಮ್ಮಸುಮ್ಮನೆ ಒಬ್ಬರ ಮನೆಗೊಬ್ಬರು ಯಾಕೆ ಹೋಗ್ಬೇಕು?"

ಮುಂತಹಾ ನಕ್ಕಳು. ಎಷ್ಟೋ ವರ್ಷದ ಮೇಲೆ ಅವಳ ನಗು ಯಾರನ್ನೂ ಸಂತೋಷಪಡಿಸುವುದಕ್ಕಾಗಿ ಬಂದದ್ದಾಗಿರಲಿಲ್ಲ.

ಮೂರೂವರೆಗೆ ರಯೀಸ್ ಅವಳನ್ನು ಕಾಫಿ ಅಂಗಡಿಗೆ ಕರೆತಂದ. ಹಿಂದೆ ಅರ್ಧ ಊರು ನೆರೆದಿತ್ತು. "ಹೇಳಿ ಸಿತ್ ಮುಂತಹಾ. ಹೇಗಿದೆ ನಮ್ಮೂರು?"

"ಹಿಡಿಸ್ತು ರಯೀಸ್. ಕಾರು ವಾಪಸ್ ಕಳಿಸಿಬಿಡಿ. ನಾನು ಇವತ್ತು ಇಲ್ಲೇ ಉಳೀತೀನಿ."

ಪಗಡೆಯ ದಾಳ ಒಬ್ಬನ ಮುಷ್ಟಿಯಲ್ಲೇ ಉಳಿಯಿತು.

"ಇವತ್ತಾ?" ಎಂದ ರಯೀಸ್. "ಇವತ್ತು ಬೇಡಿ. ಹವಾ ಸರಿಯಿಲ್ಲ."

"ಹವಾಗೆ ನಾನೊಬ್ಬಳೇ ಸಿಕ್ಕಿದ್ದೀನಾ? ಊರಿಗೆ ಊರೇ ಇದೆಯಲ್ಲ."

"ಇದೆ, ಇದೆ. ಎಲ್ಲಿಗೆ ಹೋಗುತ್ತೆ ಊರು?"

"ರಾತ್ರಿ ಊಟಕ್ಕೆ ಓದೆತ್ ಮನೆಗೇ ಬರ್ತೀನಿ. ಅವರ ಮೈದುನನನ್ನೂ ನೋಡಿದ ಹಾಗಾಯ್ತು."

ಓದೆತ್ ಮುಂದೆ ಬಂದಳು. "ಇವತ್ತು ಹೇಗಾಗುತ್ತೆ? ನನ್ನ ಮಗಳಿಗೆ ಆರು ಗಂಟೆಗೆ ಪಿಯಾನೋ ಪಾಠ."

"ಎಲ್ಲಿ?"

"ಕೆಳಗೆ... ಅಂದ್ರೆ ಕೆಳಗಿನ ಬೀದೀಲಿ."

ಇಗರ್ಜಿಯ ಹಿಂದಿನಿಂದ ಬಸ್ಸಿನ ಹಾರ್ನ್ ಕೇಳಿಸಿತು. ಯಾರೂ ತಿರುಗಿ ನೋಡಲಿಲ್ಲ. ಎರಡನೆಯ ಬಸ್ಸೂ ಕೂಗಿತು. ಕತ್ತೆ ಇರಬೇಕು ಎನ್ನುವ ಮುಖ ಮಾಡಿಕೊಂಡು ಎಲ್ಲರೂ ನಿಂತರು. ಬೀದಿಯ ನೀರು ಕಣ್ಣೆದುರೇ ಗಾಜಾಗುತ್ತಿತ್ತು, ಹೆಂಗಸರು ತೆಳು ಬೂಟುಗಳಲ್ಲಿ ಕಾಲು ಬದಲಿಸುತ್ತಿದ್ದರು. ಬೆಳಗಿನಿಂದ ಊರು ಒಂದು ಸುಳ್ಳನ್ನು ಹೊತ್ತು ಬಂದಿತ್ತು, ಈಗ ಅದನ್ನು ಇಳಿಸಲು ಜಾಗವಿರಲಿಲ್ಲ. ಒಪ್ಪಿಕೊಂಡರೆ ದವಾಖಾನೆ ಹೋಯಿತು. ಒಪ್ಪಿಕೊಳ್ಳದಿದ್ದರೆ ರೊಟ್ಟಿಯಿಲ್ಲದ, ಹಾಸಿಗೆ ತೇವ ಬಿಟ್ಟ ಮನೆಗಳಲ್ಲಿ ರಾತ್ರಿ ಕಳೆಯಬೇಕು. ಸ್ವಂತ ಊರಿನಲ್ಲಿ ಒಂದು ರಾತ್ರಿ ಕಳೆಯುವುದೆಂದರೆ ಅವರಿಗೆ ಗಡೀಪಾರಿನಂತೆ ಕಂಡಿತು.

ಈ ನೋಟವನ್ನು ಮುಂತಹಾ ಹತ್ತು ನಿಮಿಷ ಅನುಭವಿಸಿದಳು. ಅಷ್ಟಕ್ಕೆ ಹಕ್ಕಿದೆ ಎನ್ನಿಸಿತು. ಆಮೇಲೆ ಒಬ್ಬ ಹೆಂಗಸಿನ ತುಟಿ ನೀಲಿಯಾಗುವುದು ಕಂಡು ಒಳಗಿನ ನರ್ಸ್ ಸುಮ್ಮನಿರಲಿಲ್ಲ.

"ರಯೀಸ್, ಬಸ್ಸು ಕರೀತಿದೆ. ಹೋಗಿ."

ರಯೀಸ್ ಟೋಪಿ ತೆಗೆದ. "ಯಾರು ಹೇಳಿದ್ರು?"

"ನಿಮ್ಮ ದಿನದರ್ಶಿಗಳು. ಸಹಿ ಹಾಕ್ತೀನಿ, ಹೆದರಬೇಡಿ. ಎರಡು ಷರತ್ತು ಅಷ್ಟೆ. ಜೂನ್‌ವರೆಗೆ ನನಗೆ ಜೊತೆ ಅಂತ ಒಬ್ಬರೂ ಹತ್ತಿ ಬರಬಾರದು. ಆ ಎರಡನೇ ಮಂಚ ಈಗಲೇ ತಗೊಂಡು ಹೋಗಬೇಕು."

ಗೆದ್ದವನ ಸಂತೋಷ ರಯೀಸನ ಮುಖದಲ್ಲಿ ಮೂಡಲಿಲ್ಲ, ಅನುಮಾನ ಮೂಡಿತು. ಖಾಲಿ ಊರೆಂದು ತಿಳಿದೂ ಉಳಿಯುವ ಹೆಂಗಸನ್ನು ಅವನು ಕಂಡಿರಲಿಲ್ಲ. ಪಕ್ಕಕ್ಕೆ ಕರೆದು ದನಿ ತಗ್ಗಿಸಿ ಕೇಳಿದ: "ತಪ್ಪು ತಿಳೀಬೇಡಿ. ನಿಮ್ಮನ್ನ ಯಾರೂ ಹುಡುಕ್ತಿಲ್ಲ ತಾನೆ?"

"ಸೋಮವಾರದಿಂದ ನನ್ನ ತಮ್ಮನ ಹೆಂಡತಿ ಹುಡುಕ್ತಾಳೆ. ಬಟ್ಟೆ ಮಡಚೋಕೆ."

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಬಸ್ಸುಗಳು ಹೊರಟವು. ಮೊದಲ ಬಸ್ಸಿನ ನೆತ್ತಿಯ ಮೇಲೆ ಮಂಚ ಕಾಲು ಮೇಲೆ ಮಾಡಿಕೊಂಡು ಮಲಗಿತ್ತು. ಕಿಟಕಿಯಿಂದ ಓದೆತ್, "ನನ್ನ ಮೈದುನ ಜೂನ್‌ನಲ್ಲಿ ಬರ್ತಾನೆ ಕಣ್ಣೇ, ಯೋಚನೆ ಮಾಡ್ತಿರು," ಎಂದು ಕೈಬೀಸಿದಳು. ಸರಪಳಿಯ ಸದ್ದು ತಿರುವಿನಿಂದ ತಿರುವಿಗೆ ಸಣ್ಣದಾಯಿತು. ಅರವತ್ತು ಹೊಗೆಗಳು ತೆಳುವಾಗಿ, ಒಂದೊಂದಾಗಿ ಇಲ್ಲವಾದವು. ಹತ್ತೋ ಹನ್ನೊಂದೋ ಉಳಿದವು. ಉಮ್ಮ್ ಸರ್ಕೀಸ್ ಏನೂ ಕೇಳದೆ ಸೌದೆ, ನಾಲ್ಕು ರೊಟ್ಟಿ, ಒಣ ಮೊಸರು-ಗೋಧಿಯ ಒಂದು ಪಾತ್ರೆ ಕಿಶ್ಕ್ ಗಂಜಿ ಹೊಸ್ತಿಲಲ್ಲಿಟ್ಟು ಹೋದಳು.

ಮುಂತಹಾ ಬಾಗಿಲು ಹಾಕಿ ಕೀಲಿಯನ್ನು ಎರಡು ಸುತ್ತು ತಿರುಗಿಸಿದಳು. ತೆಗೆದಳು. ಮತ್ತೆ ಹಾಕಿದಳು. ಎಂಟು ಗಂಟೆಗೇ ಮಲಗಿದಳು, ಯಾರೂ ಏಳಬೇಕಾಗಿರಲಿಲ್ಲ.

ಬೆಳಿಗ್ಗೆ ಎಚ್ಚರವಾದಾಗ ಎಂಟು. ಏಳಲಿಲ್ಲ. ಸೂರಿನ ತೊಲೆಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು, ಕಾಲು ಪೂರ್ತಿ ಚಾಚಿದಳು. ಫೋನ್ ಎರಡು ಸಲ ಬಡಿದುಕೊಂಡಿತು, ಜಾರ್ಜೆಟ್ ಇರಬೇಕು. ಒಂಬತ್ತಕ್ಕೆ ಹತ್ತು ನಿಮಿಷ. ಇನ್ನೈದು ನಿಮಿಷ ಎಂದುಕೊಂಡಳು. ಆಮೇಲೆ ಇನ್ನೂ ಐದು.

ಕೆಳಗೆ ಬಾಗಿಲಿನ ಮೇಲೆ ಕೋಲಿನ ಸದ್ದು ಕೇಳಿದಾಗ ಒಂಬತ್ತು ದಾಟಿ ಎರಡು ನಿಮಿಷ.

"ಬದುಕಿದ್ದೀಯಾ?" ಎಂದಿತು ಉಮ್ಮ್ ಸರ್ಕೀಸ್‌ಳ ದನಿ.

"ಬದುಕಿದ್ದೀನಿ ಅಜ್ಜಿ," ಎಂದಳು ಮುಂತಹಾ ಹೊದಿಕೆಯೊಳಗಿನಿಂದ.

"ಹಾಗಾದ್ರೆ ಹೊಗೆ ಹಾಕು. ಇಲ್ದಿದ್ರೆ ಇನ್ನೂ ಹತ್ತು ಜನ ಕೋಲು ತಗೊಂಡು ಬರ್ತಾರೆ."

ಕೋಲಿನ ಸದ್ದು ಹಿಮದ ಮೇಲೆ ದೂರವಾಯಿತು. ಬಾಗಿಲು ತೆಗೆ ಎಂದು ಅದು ಕೇಳಲೇ ಇಲ್ಲ. ಮುಂತಹಾ ಎದ್ದು ಒಲೆಗೆ ಕಡ್ಡಿ ಗೀರಿದಳು.