ಹೆಂಟೆ ಹಿಡಿದವರ ಸಭೆ

ಆಶ್ವೀಜ ಮುಗಿಯುತ್ತ ಬಂದಿತ್ತು. ಹಿರೇಗುತ್ತಿಯ ಗಜನಿ ಗದ್ದೆಯಲ್ಲಿ ಭತ್ತದ ತೆನೆ ಬಾಗಿತ್ತು. ಗದ್ದೆಗೂ, ಭರತದ ಉಬ್ಬರಕ್ಕೆ ಸಮುದ್ರದಿಂದ ಹೊಳೆಗೆ ಏರಿಬರುವ ಉಪ್ಪುನೀರಿಗೂ ನಡುವೆ ಇದ್ದದ್ದು ಒಂದು ಮಣ್ಣಿನ ಕಟ್ಟೆ, ಅದರಲ್ಲೊಂದು ಹಲಗೆಯ ಬಾಗಿಲು. ಕಟ್ಟೆ ಜರಿದ ಕಡೆ ಒಕ್ಕಲುಗಳು ಸಾಲಾಗಿ ನಿಂತು ಕೆಸರಿನ ಹೆಂಟೆಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಇದಕ್ಕೆ ಕೂಲಿ ಇಲ್ಲ.

ಒಡೆಯರ ಕಾರಭಾರಿ ಕೊಡೆ ಹಿಡಿದು ಬಂದ.

"ನಾಳೆ ಭರತದ ನೀರಿಗೆ ಬಾಗ್ಲು ತೆಗೀಬೇಕು. ಸೀಗಡಿ ಹಿಡಿಯೂದನ್ನ ಒಡೆಯರು ತದಡಿಯವ್ರಿಗೆ ಗುತ್ತಿಗೆ ಕೊಟ್ಟಾತು."

"ಭತ್ತ ಕೊಯ್ಲಿಲ್ಲ ಇನ್ನೂ," ಎಂದ ಸಾಲಿನಲ್ಲಿದ್ದ ಮಾಬ್ಲ. "ಉಪ್ಪುನೀರು ಹೊಕ್ರೆ ಎಲ್ಲ ಕೊಳೀತದೆ."

"ಮಧ್ಯಾಹ್ನ ಇಲ್ಲೇ ಸಭೆ. ಒಡೆಯರ ಮಾತು ನಾ ಹೇಳ್ತೆ, ನೀವು ಹೂಂ ಅನ್ನಿ."

ಪ್ರತಿ ವರ್ಷದ ಸಭೆಯೂ ಹಾಗೇ. ಅವನು ಎಳನೀರು ಕುಡಿಯಲು ಹೋದ.

"ಎಂತ ಮಾತಾಡೂದು ಅಂತ ಅವ್ರೇ ಎಂತಕ್ಕೆ ಹೇಳ್ಬೇಕು? ನಾವೇ ಹೇಳ್ವ," ಎಂದಳು ಸುಬ್ಬಿ. ಗಂಡ ಸತ್ತವಳು. ಅವಳ ಗದ್ದೆ ಬಾಗಿಲಿಗೆ ತಾಗಿಕೊಂಡೇ ಇತ್ತು.

"ಎಲ್ಲ ಒಟ್ಟಿಗೇ ಕೂಗಿದ್ರೆ ಕಾಗೆ ಸಭೆ ಆಗ್ತದೆ," ಎಂದು ಶುಕ್ರ ನಕ್ಕ.

ಸುಬ್ಬಿ ಕೈಯಲ್ಲಿದ್ದ ಹೆಂಟೆಯನ್ನು ಎತ್ತಿ ತೋರಿಸಿದಳು. "ಕೆಲ್ಸದಲ್ಲಿ ದಾಟ್ಸೂ ಹಾಂಗೇ. ಇದು ಯಾರ ಕೈಲಿ ಇರ್ತದೋ ಅವ್ರ ಮಾತು."

ಎಲ್ಲರೂ ಕಟ್ಟೆಯ ಮೇಲೆ ಕೂತು, ಹೆಂಟೆ ದಾಟಿಸುತ್ತ ಸಭೆಗೆ ತರುವ ವಿಷಯಗಳನ್ನು ಒಬ್ಬೊಬ್ಬರಾಗಿ ಹೇಳಿದರು. ಬಾಗಿಲು ತೆಗೆಯಬಾರದು ಎಂಬುದು ಸುಬ್ಬಿಯ ವಿಷಯ. ಕಟ್ಟೆ ಕೆಲಸಕ್ಕೆ ಕೂಲಿ ಬೇಕು ಎಂಬುದು ಮಾಬ್ಲನದು. ಶುಕ್ರನ ಕೋಳಿಯನ್ನು ಯಾರೋ ಕದ್ದಿದ್ದರು. ಅದೂ ಒಂದು ವಿಷಯವಾಯಿತು. ಮುದುಕಿ ಲಕ್ಕಿ, "ನಂಗೆ ಮಾತು ಬತ್ತಿಲ್ಲ," ಎಂದು ಹೆಂಟೆಯನ್ನು ಮುಂದೆ ದಾಟಿಸಿದಳು.

ಮಧ್ಯಾಹ್ನ ಕಾರಭಾರಿ ಬಂದ. "ಒಡೆಯರು ಹೇಳಿದ್ದು..."

ಶುಕ್ರ ಹೆಂಟೆ ಚಾಚಿದ. "ಹಿಡ್ಕಳಿ ಕಾರಭಾರಿಗಳೇ. ಹಿಡಿದವ್ರೇ ಮಾತಾಡೂದು."

ಕಾರಭಾರಿ ತನ್ನ ಬಿಳಿ ಧೋತರ ನೋಡಿಕೊಂಡ. ಹಿಡಿಯಲಿಲ್ಲ.

"ಹಾಂಗಾರೆ ಕೋಳಿ ವಿಚಾರ ಆಗ್ಲಿ," ಎಂದ ಮಾಬ್ಲ.

ಕೋಳಿಯ ವಿಚಾರ ಬಹಳ ಹೊತ್ತು ನಡೆಯಿತು. ಕಾರಭಾರಿ ಬಿಸಿಲಲ್ಲಿ ನಿಂತೇ ಇದ್ದ. ಆಮೇಲೆ ಬಾಗಿಲಿನ ವಿಷಯ ಬಂತು. ಕೊಯ್ಲು ಆಗುವವರೆಗೆ ಹಲಗೆ ಎತ್ತುವುದಿಲ್ಲ ಎಂದು ಎಲ್ಲರೂ ಹೇಳಿದರು.

"ಗೇಣಿ ಬಿಡಸ್ತೆ ನಿಮ್ದೆಲ್ಲ!" ಕಾರಭಾರಿ ಕೂಗಿದ. "ಯಾರದು ಈ ಸಭೆ ಕರದವ್ರು?"

ಲಕ್ಕಿ ಹೆಂಟೆಯನ್ನು ಕೇಳಿ ತೆಗೆದುಕೊಂಡಳು.

"ನೀವೇ ಅಲ್ದಾ?"

ಮರುದಿನ ಭರತದ ಹೊತ್ತಿಗೆ ತದಡಿಯವರು ಬಲೆ ತಂದರು. ಬಾಗಿಲ ಮೇಲೆ ಊರೇ ಕೂತಿತ್ತು. ಬಂದವರು ದೋಣಿ ತಿರುಗಿಸಿಕೊಂಡು ಹೋದರು. ಭತ್ತ ಕೊಯ್ದಾಯಿತು.

ಬೇಸಿಗೆಯಲ್ಲಿ ಒಡೆಯರು ಸುಬ್ಬಿಯೊಬ್ಬಳ ಗೇಣಿ ಬಿಡಿಸಿದರು. ಅವಳು ಹೊನ್ನಾವರಕ್ಕೆ ಕೂಲಿಗೆ ಹೋದಳು. ಆ ಗದ್ದೆಯನ್ನು ಗೇಣಿಗೆ ಕೊಡುತ್ತೇನೆಂದು ಕಾರಭಾರಿ ಮಳೆ ಬೀಳುವವರೆಗೆ ಮನೆ ಮನೆ ತಿರುಗಿದ. ಬೇಕು ಎಂದವರು ಹಿರೇಗುತ್ತಿಯಲ್ಲಿ ಒಬ್ಬರೂ ಸಿಗಲಿಲ್ಲ.